ಮಗಳ ಕಿವಿಯಾಗಿದ್ದ ಬಾಯಿ

ಚಾಮುಂಡಮ್ಮನ ಬಾಯಿ ಒಂದು ಕಡೆಗೆ ವಾಲಿದ್ದನ್ನು ಮೊದಲು ಕಂಡವಳು ಮಗಳು ಸೌಂದರ್ಯ. ಗಂಡನಿಗಿಂತ ಮೊದಲು, ಕನ್ನಡಿಗಿಂತಲೂ ಮೊದಲು. ಆಗಸ್ಟ್ ಕೊನೆಯ ವಾರದ ಒಂದು ಬೆಳಗ್ಗೆ, ರಾವಂದೂರಿಗೆ ಮೂರು ಕಿಲೋಮೀಟರ್ ದೂರದ ಅವರ ಊರಿನಲ್ಲಿ, ತಾಯಿ ಮಗಳಿಬ್ಬರೂ ಹೊಗೆಸೊಪ್ಪನ್ನು ಬೆಂಕಿಯ ಕಾವಿನಲ್ಲಿ ಒಣಗಿಸುವ ಬ್ಯಾರನ್ ಮುಂದಿನ ಚಪ್ಪರದ ಕೆಳಗೆ ಸೊಪ್ಪು ಕಟ್ಟುತ್ತಿದ್ದರು. ತಾಯಿ ಏನೋ ಹೇಳಿದಳು. ಮಗಳು ಕೈಯಲ್ಲಿದ್ದ ಎಲೆಗಳನ್ನು ಹಾಗೇ ಹಿಡಿದುಕೊಂಡು, ತಲೆ ಓರೆ ಮಾಡಿ ನೋಡಿ, ಏರಿಳಿತವಿಲ್ಲದ ತನ್ನ ದನಿಯಲ್ಲಿ ಕೇಳಿದಳು:

"ಅವ್ವಾ, ಯಾಕೆ ಅರ್ಧ ಮಾತಾಡ್ತಿದ್ದೀಯ?"

"ಅರ್ಧ ಏನೇ? ಪೂರ್ತಿನೇ ಆಡ್ತಾ ಇವ್ನಿ."

"ಇಲ್ಲ. ಅರ್ಧ."

ಸೌಂದರ್ಯಳಿಗೆ ಆಗ ಇಪ್ಪತ್ತಾರು ವರ್ಷ. ಒಂದೂವರೆ ವರ್ಷದ ಮಗುವಾಗಿದ್ದಾಗ ಬಂದ ಮಿದುಳು ಜ್ವರದಲ್ಲಿ ಎರಡೂ ಕಿವಿಗಳು ಹೋಗಿದ್ದವು. ಮೈಸೂರಿನ ಒಂದು ಕಡೆ ಕಿವುಡು ಮಕ್ಕಳ ತಾಯಂದಿರಿಗೆ ಪಾಠ ಹೇಳಿಕೊಡುತ್ತಾರೆಂದು ತಿಳಿದು, ಚಾಮುಂಡಮ್ಮ ಮಗುವನ್ನು ಕರೆದುಕೊಂಡು ಹೋಗಿ ಎರಡು ತಿಂಗಳು ಅಲ್ಲಿದ್ದಳು. ಮಗುವಿನ ಎದುರಿಗೇ ಕೂತು ಮಾತಾಡಬೇಕು, ಬೆಳಕು ತಾಯಿಯ ಮುಖದ ಮೇಲೆ ಬೀಳುವಂತಿರಬೇಕು, ಒಂದೇ ಮಾತನ್ನು ನೂರು ಸಲ ಆಡುವುದಕ್ಕೂ ಬೇಸರಪಡಬಾರದು ಎಂಬುದಿಷ್ಟನ್ನು ಕಲಿತಳು. ಅಷ್ಟರಲ್ಲಿ ಹೊಗೆಸೊಪ್ಪಿನ ನಾಟಿ ಶುರುವಾಗಿ ಊರಿಗೆ ಬರಬೇಕಾಯಿತು. ಮಿಕ್ಕ ಪಾಠ ಅಲ್ಲೇ ಉಳಿಯಿತು.

ಮಿಕ್ಕಿದ್ದನ್ನು ಇಬ್ಬರಿಗೂ ಕಲಿಸಿದ್ದು ಸೊಪ್ಪು ಕಟ್ಟುವ ಕೆಲಸ. ಒಬ್ಬರು ಎರಡೋ ಮೂರೋ ಎಲೆ ಜೋಡಿಸಿ ಕೊಡುತ್ತಿರಬೇಕು, ಎದುರಿಗಿರುವವರು ಅದನ್ನು ದಾರದಲ್ಲಿ ಕಡ್ಡಿಗೆ ಕಟ್ಟುತ್ತಿರಬೇಕು. ಜುಲೈನಿಂದ ನವೆಂಬರ್‌ವರೆಗೆ ಇದೇ ಕೆಲಸ. ನಾಲ್ಕು ಕೈಗಳಿಗೂ ಬಿಡುವಿಲ್ಲ. ಎಲೆಯ ಅಂಟು ಬೇರೆ ಬೆರಳುಗಳಿಗೆ ಕಪ್ಪಗೆ ಮೆತ್ತಿಕೊಂಡಿರುತ್ತದೆ. ಕಿವುಡರಿರುವ ಬೇರೆ ಮನೆಗಳಲ್ಲಿ ತಾನಾಗಿ ಹುಟ್ಟಿಕೊಳ್ಳುವ ಕೈಸನ್ನೆ ಹಾಗಾಗಿ ಈ ಮನೆಯಲ್ಲಿ ಹುಟ್ಟಲೇ ಇಲ್ಲ. ಬೆಳೆದದ್ದೆಲ್ಲ ಮುಖದ ಮಾತು. ಪ, ಬ, ಮ ಮೂರೂ ತುಟಿಯ ಮೇಲೆ ಒಂದೇ ಥರ ಕಾಣುತ್ತವೆ. ಚಾಮುಂಡಮ್ಮ ಯಾರೂ ಹೇಳಿಕೊಡದೆಯೇ ಒಂದಕ್ಕೆ ಕೆನ್ನೆಯನ್ನು ಚೂರು ಉಬ್ಬಿಸುತ್ತಿದ್ದಳು, ಒಂದಕ್ಕೆ ಗದ್ದ ಬಿಗಿಯುತ್ತಿದ್ದಳು, ಇನ್ನೊಂದಕ್ಕೆ ಮೂಗಿನ ಹೊಳ್ಳೆ ಅರಳಿಸುತ್ತಿದ್ದಳು. ಬಸ್ಸಿನಲ್ಲಿ, ಮದುವೆಮನೆಯಲ್ಲಿ, ಬೀದಿಯ ಜಗಳದಲ್ಲಿ ಯಾರು ಏನೇ ಆಡಲಿ, ಅದನ್ನು ದನಿಯಿಲ್ಲದೆ ತನ್ನ ತುಟಿಯಲ್ಲಿ ಮತ್ತೊಮ್ಮೆ ಆಡಿ ಮಗಳಿಗೆ ದಾಟಿಸುತ್ತಿದ್ದಳು. "ಚಾಮುಂಡಮ್ಮ ಸದ್ದೇ ಇಲ್ದಂಗೆ ಚಾಡಿ ಹೇಳ್ತಾಳೆ ಕಣ್ರವ್ವ" ಎಂದು ಊರ ಹೆಂಗಸರು ಆಡಿಕೊಳ್ಳುತ್ತಿದ್ದರು. ಅದನ್ನೂ ಅವಳು ಮಗಳಿಗೆ ದಾಟಿಸಿ, ಇಬ್ಬರೂ ನಗುತ್ತಿದ್ದರು.

ಇದು ಬಾಯಿ ವಾಲುವುದಕ್ಕೆ ಮುಂಚಿನ ಮಾತು.

ಎರಡು ದಿನದಿಂದ ಚಾಮುಂಡಮ್ಮನ ಬಲಗಿವಿ ನೋಯುತ್ತಿತ್ತು. ಒಳಗೆ ಸಣ್ಣ ಸಣ್ಣ ಗುಳ್ಳೆಗಳೆದ್ದಿದ್ದವು. ಸೊಪ್ಪಿನ ಕೆಲಸದಲ್ಲಿ ಮೈಮೇಲೆ ಗುಳ್ಳೆ ಏಳುವುದು ಹೊಸದೇನಲ್ಲ. ಉಷ್ಣ ಎಂದುಕೊಂಡು ಹರಳೆಣ್ಣೆ ಬಿಟ್ಟುಕೊಂಡಿದ್ದಳು. ಮಗಳು ಅರ್ಧ ಅಂದ ಮೇಲೆ ಎದ್ದು ಹೋಗಿ ಬಾಯಿ ಮುಕ್ಕಳಿಸಿದಳು. ನೀರು ಬಲಗಡೆಯಿಂದ ತಾನಾಗಿ ಸುರಿದು ಸೆರಗು ನೆನೆಯಿತು. ಬಲಗಣ್ಣು ಮುಚ್ಚಲು ನೋಡಿದಳು, ಆಗಲಿಲ್ಲ.

ಗಂಡ ನಟರಾಜು ನೋಡಿ ಗಾಬರಿಯಾದ. "ನಡಿಯಮ್ಮಿ ಪಿರಿಯಾಪಟ್ಣಕ್ಕೆ. ಡಾಕ್ಟ್ರಿಗೆ ತೋರಿಸ್ಕೊಂಡು ಬರಾನ."

"ಮುರ್ದಿರೋ ಸೊಪ್ಪ ಏನ್ಮಾಡೀರಿ? ತಿಪ್ಪೆಗೆ ಆಕೀರಾ?"

"ನಾನ್ ಏರಿಸಿ ಬೆಂಕಿ ನೋಡ್ಕತೀನಿ. ನೀನು ನಮ್ ಹುಡ್ಗ ಶರತ್ ಜೊತೆ ಓಗು."

"ನೀವಾ? ಓದ ವರ್ಸ ನೋಡ್ಕಂಡ್ರಲ್ಲ, ಸೊಪ್ಪೆಲ್ಲ ಕಾಫಿಪುಡಿ ಆಗಿತ್ತು. ಗಾಳಿ ಬಡ್ದದೆ, ಅಷ್ಟೆ. ಬ್ಯಾರನ್ ಇಳೀಲಿ ಬುಡಿ, ಆಮ್ಯಾಕೆ ಓಗಾನ."

ಬ್ಯಾರನ್ನಿಗೆ ಏರಿಸಿದ ಸೊಪ್ಪಿಗೆ ಆರು ದಿನ ಬೆಂಕಿ ಬೇಕು. ಮೊದಲು ಎಲೆ ಹಳದಿಗೆ ತಿರುಗಬೇಕು, ಆಮೇಲೆ ಬಿಸಿ ಹಂತಹಂತವಾಗಿ ಏರಬೇಕು, ಕೊನೆಗೆ ನಡುದಂಟು ಒಣಗಬೇಕು. ಯಾವಾಗ ಕಿಂಡಿ ತೆರೆಯಬೇಕು, ಯಾವಾಗ ಸೌದೆ ತಗ್ಗಿಸಬೇಕು ಎಂಬುದು ಆ ಮನೆಯಲ್ಲಿ ಚಾಮುಂಡಮ್ಮನಿಗೇ ಸರಿಯಾಗಿ ಗೊತ್ತಿದ್ದದ್ದು. ಮಿರ್ಲೆಯ ಗದ್ದೆ ಸೀಮೆಯಲ್ಲಿ ಹುಟ್ಟಿ, ಹೊಗೆಸೊಪ್ಪಿನ ಗಿಡವನ್ನೇ ಕಾಣದೆ ಈ ಊರಿಗೆ ಸೊಸೆಯಾಗಿ ಬಂದು, ಮೂವತ್ತು ವರ್ಷದಲ್ಲಿ ಕಲಿತ ವಿದ್ಯೆ ಅದು. ತಾನಿಲ್ಲದೆ ಬ್ಯಾರನ್ ಇಳಿಯುವುದಿಲ್ಲ ಎಂಬ ಹೆಮ್ಮೆಯೂ ಅದರ ಜೊತೆಗಿತ್ತು. ಬಲಗೆನ್ನೆಗೆ ಎಣ್ಣೆ ಸವರಿ, ಬಟ್ಟೆ ಬಿಸಿ ಮಾಡಿ ಕಟ್ಟಿಕೊಂಡು, ಆರು ದಿನವೂ ಬೆಂಕಿಯ ಮುಂದೆಯೇ ಇದ್ದಳು. ಸೊಪ್ಪು ಚೆನ್ನಾಗಿ ಬಂತು. ನಿಂಬೆಹಣ್ಣಿನ ಬಣ್ಣ.

ಪಿರಿಯಾಪಟ್ಟಣದ ವೈದ್ಯರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿದ್ದು ಎಂಟನೇ ದಿನ.

"ಸರ್ಪಸುತ್ತು ಗೊತ್ತಲ್ಲಮ್ಮ? ಅದೇ ವೈರಸ್ಸು ನಿಮಗೆ ಕಿವಿ ಹತ್ರದ ನರದಲ್ಲಿ ಎದ್ದಿದೆ. ಮುಖದ ನರ ಮೂಳೆಯ ಸಣ್ಣ ಕೊಳವೆಯೊಳಗೆ ಹಾದು ಬರುತ್ತೆ. ಊದಿಕೊಂಡರೆ ಅದಕ್ಕೆ ಜಾಗ ಇಲ್ಲ, ಅಲ್ಲೇ ನಲುಗುತ್ತೆ. ಮೂರು ದಿನದೊಳಗೆ ಬಂದಿದ್ರೆ ಮಾತ್ರೆಗೆ ಹೆಚ್ಚು ಬಲ ಇರ್ತಿತ್ತು."

"ಸೊಪ್ಪು ಏರಿಸಿದ್ದೊ ಸಾರ್" ಎಂದಳು ಚಾಮುಂಡಮ್ಮ. ಆ ಸೀಮೆಯಲ್ಲಿ ಕೆಲಸ ಮಾಡುವ ವೈದ್ಯರಿಗೆ ಅದಕ್ಕಿಂತ ಹೆಚ್ಚು ವಿವರಿಸಬೇಕಾಗಿರಲಿಲ್ಲ.

ಅವಳಿಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆಯೂ ಇತ್ತು. ಊತ ಇಳಿಸುವ ಮಾತ್ರೆಯಿಂದ ಅದು ಏರಿತು. ಮೂರು ವಾರವಾದರೂ ಬಲಗೆನ್ನೆ ಒಂದು ಎಳೆಯಷ್ಟೂ ಅಲುಗಲಿಲ್ಲ. ಆಗ ವೈದ್ಯರು ಹುಣಸೂರಿನಲ್ಲಿದ್ದ ಫಿಸಿಯೋಥೆರಪಿಯ ನಿಖತ್ ಅವರ ಹೆಸರು ಬರೆದುಕೊಟ್ಟರು.

ಪಿರಿಯಾಪಟ್ಟಣಕ್ಕೆ ಒಂದು ಬಸ್ಸು, ಅಲ್ಲಿಂದ ಹುಣಸೂರಿಗೆ ಇನ್ನೊಂದು. ವಾರಕ್ಕೆ ಮೂರು ದಿನ ತಾಯಿ ಮಗಳು ಹೋಗತೊಡಗಿದರು. ನಿಖತ್‌ಗೆ ಮೂವತ್ತರ ಒಳಗಿನ ವಯಸ್ಸು, ಮಾತು ಕಡಿಮೆ. ಪ್ರತಿಯೊಂದನ್ನೂ ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದುಕೊಳ್ಳುವ ಹುಡುಗಿ. ಮೊದಲ ದಿನ ಚಾಮುಂಡಮ್ಮನ ಕತ್ತಿನ ಹಿಂದೆ ಒದ್ದೆ ಬಟ್ಟೆ ಸುತ್ತಿದ ಒಂದು ಪಟ್ಟಿ ಇಟ್ಟು, ಪೆನ್ನಿನಂಥ ಕಡ್ಡಿಯ ತುದಿಗೆ ಒದ್ದೆ ಹತ್ತಿ ಸಿಕ್ಕಿಸಿದಳು.

"ಕರೆಂಟು ಒಡೆಯಲ್ವಾ ತಾಯಿ?"

"ಇರುವೆ ಕಚ್ಚಿದ ಹಾಗಾಗುತ್ತೆ ಅಷ್ಟೆ ಅಮ್ಮ. ಜಾಸ್ತಿ ಅನ್ನಿಸಿದ್ರೆ ಕೈ ಎತ್ತಿ."

"ಮೂವತ್ತೊರ್ಸದಿಂದ ಬ್ಯಾರನ್ ಬೆಂಕಿ ತಿಂದೋಳು ಕಣವ್ವ ನಾನು. ಕೊಡು."

ಮೊದಲು ಕೊಟ್ಟದ್ದು ಬಹಳ ಚಿಕ್ಕ ಚಿಕ್ಕ ಮಿಡಿತಗಳ ಕರೆಂಟು. ನರ ಬದುಕಿದ್ದರೆ ಅದರ ಮೂಲಕ ಸ್ನಾಯು ತಟಕ್ಕನೆ ಕುಣಿಯಬೇಕು. ಎಡಗೆನ್ನೆ ಕುಣಿಯಿತು, ಬಲಗೆನ್ನೆ ಸುಮ್ಮನಿತ್ತು. ನಿಖತ್ ಬರೆದುಕೊಂಡು ಗುಂಡಿ ತಿರುಗಿಸಿದಳು. ಎರಡನೆಯದು ನಿಧಾನದ ಕರೆಂಟು, ಒಂದೊಂದು ಮಿಡಿತವೂ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಉದ್ದ. ಇದಕ್ಕೆ ನರ ಬೇಕಿಲ್ಲ, ಸ್ನಾಯುವನ್ನೇ ನೇರವಾಗಿ ಮುಟ್ಟುತ್ತದೆ. ಬಾಯಿಯ ಬಲಮೂಲೆಯಲ್ಲಿ ಕಡ್ಡಿ ಇಟ್ಟಾಗ ಚಾಮುಂಡಮ್ಮನ ನಾಲಿಗೆಯ ಮೇಲೆ ಕಬ್ಬಿಣದ ರುಚಿ ಬಂತು. ಆಮೇಲೆ, ಒಂದು ತಿಂಗಳಿಂದ ಅಲುಗದಿದ್ದ ತುಟಿ, ಎರೆಹುಳು ತೆವಳುವಷ್ಟು ನಿಧಾನವಾಗಿ ಸರಿದು ಹಿಂದಕ್ಕೆ ಬಂತು.

ಎದುರಿಗೆ ಕೂತಿದ್ದ ಸೌಂದರ್ಯ ತಕ್ಷಣ ಮುಂದಕ್ಕೆ ಬಗ್ಗಿದಳು.

"ಏನಂದೆ ಅವ್ವಾ?"

ಚಾಮುಂಡಮ್ಮ ಏನೂ ಅಂದಿರಲಿಲ್ಲ. ನಿಖತ್ ಕಡ್ಡಿ ತೆಗೆದು, ಸೌಂದರ್ಯಳ ಕಡೆ ತಿರುಗಿ, ತಲೆ ಅಲ್ಲಾಡಿಸಿ, ಮಿಷನ್ನಿನ ಕಡೆ ಬೆರಳು ತೋರಿಸಿದಳು.

ಅವತ್ತೇ ನಿಖತ್ ಒಂದು ಪರೀಕ್ಷೆಯನ್ನೂ ಮಾಡಿದಳು. ಊಟ ಆಯ್ತಾ, ಬಸ್ಸು ಬಂತು, ಬಾಗಿಲು ಹಾಕು ಎಂಬಂಥ ಹತ್ತು ಮಾತುಗಳನ್ನು ಚಾಮುಂಡಮ್ಮನಿಂದ ದನಿಯಿಲ್ಲದೆ ಆಡಿಸಿದಳು. ಸೌಂದರ್ಯಳಿಗೆ ತಿಳಿದದ್ದು ಮೂರು. ಆಮೇಲೆ ಅಂಥವೇ ಬೇರೆ ಹತ್ತನ್ನು ನಿಖತ್ ತಾನೇ ಆಡಿದಳು. ತಿಳಿದದ್ದು ಎರಡು.

"ಮೊದಲಾದ್ರೆ ನಂದು ಎಷ್ಟ್ ತಿಳೀತಿತ್ತು ಗೊತ್ತಾ?" ಎಂದಳು ಚಾಮುಂಡಮ್ಮ. "ಹತ್ತಕ್ಕೆ ಹತ್ತು ಕಣವ್ವ. ನಾನ್ ಬಾಯಿ ತೆಗೆಯೋಕ್ ಮುಂಚೆ ಉತ್ರ ಕೊಡೋಳು." ಆಮೇಲೆ ದನಿ ತಗ್ಗಿಸಿದಳು. "ನೋಡು ತಾಯಿ, ನಂಗೆ ಹುಬ್ಬು ಬ್ಯಾಡ, ಕಣ್ಣೂ ಬ್ಯಾಡ. ಅಂದಚಂದ ಕಟ್ಕೊಂಡು ನಂಗೇನಾಗ್ಬೇಕು? ಅದಕ್ಕೆ ಕೊಡೋ ಕರೆಂಟನ್ನೂ ತುಟಿಗೇ ಕೊಡು."

"ಹಾಗೆಲ್ಲ ಕೂಡಿಡಕ್ಕೆ ಬರಲ್ಲಮ್ಮ. ಒಂದೊಂದು ಜಾಗಕ್ಕೂ ಮೂವತ್ತು ಸಲ, ಮೂರು ಸುತ್ತು. ಕಣ್ಣು ಮುಚ್ಚದೇ ಇದ್ರೆ ಗುಡ್ಡೆ ಒಣಗಿ ಹುಣ್ಣಾಗುತ್ತೆ." ನಿಖತ್ ಹೇಳಲೇಬೇಕಾದದ್ದನ್ನು ಹೇಳಿದಳು. "ಇನ್ನೊಂದು ಮಾತು. ಕರೆಂಟು ನರಾನ ಬೆಳೆಸಲ್ಲ. ನರ ವಾಪಸ್ ಬರೋವರೆಗೂ ಸ್ನಾಯು ಒಣಗದ ಹಾಗೆ ಕಾಪಾಡಬಹುದು, ಅಷ್ಟೆ. ಅದೂ ಗ್ಯಾರಂಟಿ ಅಂತ ನಾವು ಓದೋ ಪುಸ್ತಕಗಳೇ ಹೇಳಲ್ಲ."

"ನರ ಯಾವಾಗ ಬತ್ತದೆ?"

"ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಬಂದ್ರೆ."

ಮನೆಗೆ ಹೋದ ಮೇಲೆ ಚಾಮುಂಡಮ್ಮ ಮಗ ಶರತ್‌ನ ಅಳತೆಪಟ್ಟಿ ಇಸಿದುಕೊಂಡು ಕಿವಿಯ ಹಿಂದಿನಿಂದ ತುಟಿಯ ಮೂಲೆಗೆ ಅಳೆಸಿದಳು. ಹನ್ನೆರಡು ಸೆಂಟಿಮೀಟರ್. ನೂರಿಪ್ಪತ್ತು ದಿನ. ನಿಖತ್ ಕೊನೆಯಲ್ಲಿ ಅಂದ ಒಂದು ಪದವನ್ನು ಅವಳು ಹುಣಸೂರಿನಲ್ಲೇ ಬಿಟ್ಟು ಬಂದಿದ್ದಳು.

ಆ ನೂರಿಪ್ಪತ್ತು ದಿನದಲ್ಲಿ ಸೊಪ್ಪು ಮುಗಿಯಿತು, ರಾಗಿ ಕೊಯ್ಲಾಯಿತು. ಕಣ್ಣಿಗೆ ಹನಿ ಬಿಟ್ಟುಕೊಂಡು, ಮಲಗುವಾಗ ರೆಪ್ಪೆಗೆ ಪಟ್ಟಿ ಅಂಟಿಸಿಕೊಂಡು, ಒಂದು ದಿನವೂ ತಪ್ಪಿಸದೆ ಅವಳು ಹುಣಸೂರಿಗೆ ಹೋದಳು. ಮನೆಯಲ್ಲಿ ಸೌಂದರ್ಯ ಕನ್ನಡಿ ಹಿಡಿಯುತ್ತಿದ್ದಳು. ತಾಯಿ ಬಲಗೆನ್ನೆಯನ್ನು ಬೆರಳಿನಲ್ಲಿ ಎತ್ತಿ ಹಿಡಿದುಕೊಂಡು ಒಂದೊಂದೇ ಅಕ್ಷರ ಆಡುತ್ತಿದ್ದಳು. ಸೊಸೆ ರಮ್ಯಶ್ರೀ ಅಡುಗೆಮನೆಯಿಂದ ಇಣುಕಿ, "ಅತ್ತೆ ಒಂದ್ನೇ ಕ್ಲಾಸಿಗೆ ಸೇರವ್ರೆ" ಎಂದರೆ, "ಪಾಸಾದ್ಮೇಲೆ ನಿಂಗೇ ಮೇಷ್ಟ್ರಾಗ್ತೀನಿ ಬಾರೆ" ಎನ್ನುತ್ತಿದ್ದಳು.

ಜನವರಿಯ ಎರಡನೇ ವಾರ, ಕರೆಂಟಿಲ್ಲದೆ, ಯಾರೂ ಮುಟ್ಟದೆ, ಬಾಯಿಯ ಬಲಮೂಲೆ ಅಲುಗಿತು. ಅಕ್ಕಿಕಾಳಿನ ಉದ್ದ ಇರಬಹುದು. ಸೌಂದರ್ಯ ಕನ್ನಡಿ ಕೆಳಗಿಟ್ಟು ಓಡಿಹೋಗಿ ಅಪ್ಪನನ್ನು ತೋಳು ಹಿಡಿದು ಎಳೆದು ತಂದಳು. ನಟರಾಜು ಎರಡು ಸಲ ನೋಡಿ, "ಇನ್ನೇನು, ಬಯ್ಗುಳ ಶುರುವಾಯ್ತದೆ. ನಾಕ್ ತಿಂಗ್ಳು ಆರಾಮಾಗಿದ್ದೆ" ಎಂದ. ಹೇಳುತ್ತಲೇ ಮೂರನೇ ಸಲ ಬಗ್ಗಿ ನೋಡಿದ.

ನಿಖತ್‌ಳ ನೋಟ್‌ಬುಕ್ಕಿನಲ್ಲಿ ಆ ತಿಂಗಳು ಹತ್ತಕ್ಕೆ ನಾಲ್ಕು ಎಂದಿದೆ.

ಚಲನೆ ಆಮೇಲೂ ಹೆಚ್ಚುತ್ತ ಹೋಯಿತು. ಆದರೆ ಫೆಬ್ರವರಿಯ ಕೊನೆಗೆ ನಿಖತ್ ಒಂದು ದಿನ ಚಾಮುಂಡಮ್ಮನಿಗೆ ತುಟಿ ಗುಂಡಗೆ ಮಾಡಲು ಹೇಳಿ, ಕನ್ನಡಿ ತೆಗೆದುಕೊಂಡು ಅವಳ ಮುಂದೆ ಹಿಡಿದಳು. ತುಟಿ ಮುಂದಕ್ಕೆ ಬಂದಂತೆಲ್ಲ ಬಲಗಣ್ಣು ತಾನಾಗಿ ಕಿರಿದಾಗಿ ಮುಚ್ಚಿಕೊಳ್ಳುತ್ತಿತ್ತು. ಕಣ್ಣು ಮಿಟುಕಿಸಿದರೆ ಬಾಯಿಯ ಮೂಲೆ ಮೇಲಕ್ಕೆ ಜಗ್ಗುತ್ತಿತ್ತು. ಗದ್ದದ ಚರ್ಮ ನಿಂಬೆ ಸಿಪ್ಪೆಯ ಹಾಗೆ ಗುಳಿಬೀಳುತ್ತಿತ್ತು.

"ನರದೊಳಗೆ ಸಾವಿರಾರು ಎಳೆ ಇರುತ್ತಮ್ಮ. ನಲುಗಿದ ಕಡೆಯಿಂದ ಮತ್ತೆ ಬೆಳೆದು ಬರುವಾಗ ದಾರಿ ತಪ್ಪಿವೆ. ತುಟಿಗೆ ಹೋಗಬೇಕಿದ್ದ ಎಳೆ ಕಣ್ಣಿಗೆ ಹೋಗಿದೆ, ಕಣ್ಣಿನದು ತುಟಿಗೆ ಬಂದಿದೆ. ನೀವು ತುಟೀನ ಕರೆದರೆ ಕಣ್ಣೂ ಓ ಅನ್ನುತ್ತೆ."

"ಜಾಸ್ತಿ ಕರೆಂಟು ಕೊಡು ಮತ್ತೆ. ಸರಿ ದಾರಿಗೆ ಬರ್ಲಿ."

"ಇಲ್ಲ. ಇನ್ಮೇಲೆ ಕೊಡಲ್ಲ. ಕೊಟ್ಟರೆ ಈ ತಪ್ಪೇ ಗಟ್ಟಿಯಾಗಬಹುದು."

"ಇಷ್ಟ್ ದಿನ ಕೊಟ್ಟಿದ್ರಿಂದ್ಲೇ ಇಂಗಾಯ್ತೇನೋ ಅಂಗಾರೆ?"

ನಿಖತ್ ನೋಟ್‌ಬುಕ್ಕನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡಳು. "ಕರೆಂಟೇ ಕೊಡದೆ ಇದ್ದವರಿಗೂ ಹೀಗಾಗುತ್ತೆ. ನರ ಇಷ್ಟು ಏಟು ತಿಂದರೆ ಎಷ್ಟೋ ಜನಕ್ಕೆ ಹೀಗೇ. ಆದ್ರೆ ನಿಮಗೆ ಯಾವುದರಿಂದ ಆಯ್ತು ಅಂತ ಹೇಳೋಕೆ ನನ್ನ ಹತ್ರ ದಾರಿ ಇಲ್ಲ ಅಮ್ಮ."

ಸುಳ್ಳು ಹೇಳಿದ್ದರೆ ಚಾಮುಂಡಮ್ಮ ಜಗಳವಾಡುತ್ತಿದ್ದಳು. ಈಗ ಸೆರಗಿನಿಂದ ಬಾಯಿ ಒರೆಸಿಕೊಂಡಳು, ಅಷ್ಟೆ. ಮೈಸೂರಿನಲ್ಲಿ ಒಂದು ಇಂಜೆಕ್ಷನ್ ಕೊಡುತ್ತಾರೆ, ಕಣ್ಣು ಮುಚ್ಚಿಕೊಳ್ಳುವುದು ಕಮ್ಮಿಯಾಗುತ್ತದೆ, ಮೂರು ನಾಲ್ಕು ತಿಂಗಳಿಗೊಮ್ಮೆ ಮತ್ತೆ ತೆಗೆದುಕೊಳ್ಳಬೇಕು ಎಂದು ನಿಖತ್ ಹೇಳಿದಳು. "ತುಟಿ ಮೊದಲಿನ ಥರ ಆಯ್ತದಾ ಅದ್ರಿಂದ?" ಎಂದು ಕೇಳಿದ್ದಕ್ಕೆ, ಇಲ್ಲ ಎಂದಳು. ಕನ್ನಡಿಯ ಮುಂದೆ ನಿಧಾನವಾಗಿ ಮಾಡುವ ವ್ಯಾಯಾಮಗಳನ್ನು ಬರೆದುಕೊಟ್ಟಳು. ತಾಯಿ ಮಗಳಿಬ್ಬರೂ ಕೈಸನ್ನೆ ಕಲಿಯುವಂಥ ಒಂದು ಕಡೆಯ ವಿಳಾಸವನ್ನೂ ಅದರ ಕೆಳಗೆ ಬರೆದಳು.

ಆ ವಿಳಾಸಕ್ಕೆ ಅವರು ನಾಲ್ಕು ಭಾನುವಾರ ಹೋದರು. ಅಲ್ಲಿದ್ದವರೆಲ್ಲ ಚಿಕ್ಕವರು, ಬೆರಳುಗಳು ಹಕ್ಕಿಯಂತೆ ಹಾರುತ್ತಿದ್ದವು. ಸೌಂದರ್ಯ ಯಾವತ್ತೂ ಕೈ ನೋಡಿ ಮಾತು ಕೇಳಿದವಳಲ್ಲ. ಕಲಿಸುವವರ ಕೈ ಬಿಟ್ಟು ಅವರ ಬಾಯಿಯನ್ನೇ ನೋಡುತ್ತಿದ್ದಳು. ಚಾಮುಂಡಮ್ಮನ ಬೆರಳುಗಳು ದಾರ ಸುತ್ತಲು ಪಳಗಿದ್ದವು, ಬೇರೆ ಯಾವುದಕ್ಕೂ ಬಗ್ಗಲಿಲ್ಲ. ಊಟ, ನೀರು, ಬಾ, ಹೋಗು ಎಂಬಷ್ಟು ಬಂತು. ಬರೆದು ತೋರಿಸೋಣವೆಂದರೆ ತಾಯಿಗೆ ಓದು ಬರದು, ಮಗಳು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಐದನೇ ಭಾನುವಾರ ಹೊಗೆಸೊಪ್ಪಿನ ಸಸಿಮಡಿಗೆ ನೀರು ಹಾಯಿಸುವುದಿತ್ತು.

ಏಪ್ರಿಲ್‌ನಲ್ಲಿ ನಿಖತ್ ಕೊನೆಯ ಸಲ ಆ ಹತ್ತು ಮಾತುಗಳನ್ನು ಆಡಿಸಿದಳು. ತಾಯಿ ಆಡಿದ್ದರಲ್ಲಿ ಎರಡು. ಆಮೇಲೆ ತಾನು ಆಡಿ ನೋಡಿದಳು. ಅದೂ ಎರಡು.

ಮೇ ತಿಂಗಳಲ್ಲಿ ಮಿರ್ಲೆಯಲ್ಲಿ ಚಾಮುಂಡಮ್ಮನ ತಾಯಿ ಶಿವರುದ್ರಮ್ಮ ತೀರಿಕೊಂಡಳು. ಎಂಬತ್ತನಾಲ್ಕು ವರ್ಷದ ತುಂಬು ಬಾಳು, ಅಳುವಿನ ಜೊತೆ ನಗುವಿಗೂ ಜಾಗ ಇತ್ತು. ಹನ್ನೊಂದನೇ ದಿನದ ತಿಥಿಗೆ ಗದ್ದೆ ಸೀಮೆಯ ನೆಂಟರೆಲ್ಲ ಸೇರಿದರು. ಅಂಗಳದ ಶಾಮಿಯಾನದ ಕೆಳಗೆ ಊಟಕ್ಕೆ ಎಲೆ ಹಾಕಿದ್ದರು. ಚಾಮುಂಡಮ್ಮನ ಪಕ್ಕದಲ್ಲಿ ಸೌಂದರ್ಯ ಕೂತಿದ್ದಳು, ರಮ್ಯಶ್ರೀ ಬಡಿಸುವವರ ಜೊತೆ ಸೇರಿದ್ದಳು. ಚಾಮುಂಡಮ್ಮನ ಅಣ್ಣ ಶಿವನಂಜಪ್ಪ ಸಾರಿನ ಬಕೆಟ್ ಹಿಡಿದುಕೊಂಡೇ, ಸಾಲಿನ ನಡುವೆ ನಿಂತು ತಾಯಿಯ ಮಾತು ತೆಗೆದ.

"ನಮ್ಮವ್ವ ಸಾಯಾಕ್ ಮುಂಚೆ ನಂಗೇನಂದ್ಲು ಗೊತ್ತಾ? ಮಾತ್ರೆ ನುಂಗವ್ವ ಅಂತ ಅಂಗಲಾಚ್ತಾ ಇವ್ನಿ. ತಟ್ಟೆ ದೂಡ್ಬುಟ್ಟು, ಲೋ ಶಿವನಂಜ, ನಮ್ ವಂಸದಲ್ಲಿ ನನ್ ಮಾತ ಸರ್ಯಾಗಿ ಕೇಳೋಳು ಆ ಸೌಂದರ್ಯ ಒಬ್ಳೇ ಕಣ್ಲಾ, ನಿಮಗೆಲ್ಲ ಕಿವಿ ಇರೋದು ಓಲೆ ಕಡುಕು ಆಕೊಳ್ಳಾಕೆ ಅಂದ್ಲು!"

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಒಬ್ಬಿಬ್ಬರು ನಗುತ್ತಲೇ ಕಣ್ಣೊರೆಸಿಕೊಂಡರು. ಎಲ್ಲರ ಮುಖವೂ ಸೌಂದರ್ಯಳ ಕಡೆ ತಿರುಗಿತು. ಅವಳು ತುತ್ತು ಹಿಡಿದ ಕೈಯನ್ನು ನಿಲ್ಲಿಸಿ, ಸುತ್ತ ನೋಡಿ, ತಾಯಿಯ ಕಡೆ ತಿರುಗಿದಳು.

"ನನ್ನೇ ನೋಡಿ ನಗ್ತಾವ್ರೆ. ಏನಂದ್ರು ಅವ್ವಾ?"

ಚಾಮುಂಡಮ್ಮ ಎಡಗೈಯಿಂದ ಬಲಗೆನ್ನೆಯನ್ನು ಎತ್ತಿ ಹಿಡಿದು ಹೇಳಿದಳು. ಅಜ್ಜಿ ನಿನ್ನ ಹೊಗಳಿದಳು ಕಣೆ, ಎಲ್ಲರಿಗಿಂತ ನೀನೇ ಅಂದಳು. ಒಂದೂವರೆ ಮಾತು ಆಡುವಷ್ಟರಲ್ಲಿ ತುಟಿ ಎಡಕ್ಕೆ ಜಾರಿತು, ಬಲಗಣ್ಣು ಮುಚ್ಚಿಕೊಂಡಿತು. ಸೌಂದರ್ಯ ಕಣ್ಣು ಕಿರಿದು ಮಾಡಿ ನೋಡಿದಳು. ಚಾಮುಂಡಮ್ಮ ಮತ್ತೆ ಹೇಳಿದಳು, ನಿಧಾನವಾಗಿ. ಮೂರನೇ ಸಲ ಹೇಳುವಾಗ ಸೌಂದರ್ಯ ಎದುರಿಗೆ ಬಂದ ರಮ್ಯಶ್ರೀಯ ಸೆರಗು ಹಿಡಿದು ಕೇಳಿದಳು.

"ಏನಿಲ್ಲ ಕಣಕ್ಕ" ಎಂದಳು ರಮ್ಯಶ್ರೀ. ಅವಳ ಕೈಯಲ್ಲಿ ಬಿಸಿ ಅನ್ನದ ಪಾತ್ರೆ ಇತ್ತು. "ಉಣ್ಣು, ಆಮೇಲೆ ಹೇಳ್ತೀನಿ."

ಆ ಮಾತು ಸೌಂದರ್ಯಳಿಗೆ ಚೆನ್ನಾಗಿ ತಿಳಿಯಿತು. ಲೋಕವೆಲ್ಲ ಅವಳಿಗೆ ಹೆಚ್ಚಾಗಿ ಆಡಿದ್ದ ಮಾತೇ ಅದು.

ಚಾಮುಂಡಮ್ಮ ಮಗಳ ಮೊಣಕೈ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ಹೂವು ಹಾಕಿಟ್ಟಿದ್ದ ಶಿವರುದ್ರಮ್ಮನ ಫೋಟೋದ ಕಡೆ ಬೆರಳು ತೋರಿಸಿದಳು, ಮಗಳ ಎದೆ ಮುಟ್ಟಿದಳು, ಕೆನ್ನೆ ಸವರಿದಳು. ಸೌಂದರ್ಯ ಫೋಟೋ ನೋಡಿದಳು, ತಾಯಿಯ ಒದ್ದೆ ಕಣ್ಣು ನೋಡಿದಳು. ಆಮೇಲೆ ಮೆಲ್ಲಗೆ ನಕ್ಕು, ಸರಿ ಸರಿ ಎಂಬಂತೆ ಎರಡು ಸಲ ತಲೆಯಾಡಿಸಿದಳು.

ಆ ತಲೆಯಾಡಿಸುವಿಕೆ ಚಾಮುಂಡಮ್ಮನಿಗೆ ಗೊತ್ತಿತ್ತು. ಬಸ್ಸಿನ ಕಂಡಕ್ಟರಿಗೆ, ಅಂಗಡಿಯವರಿಗೆ, ಎರಡು ಸಲ ಹೆಣ್ಣು ನೋಡಲು ಬಂದು ಹೋದವರಿಗೆ ಸೌಂದರ್ಯ ಅದೇ ಥರ ತಲೆಯಾಡಿಸುತ್ತಿದ್ದಳು. ಏನೂ ಅರ್ಥವಾಗದಿದ್ದಾಗ, ಎದುರಿನವರಿಗೆ ಬೇಸರವಾಗದಿರಲೆಂದು. ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ತಾಯಿಗೆ ಹಾಗೆ ತಲೆಯಾಡಿಸಿರಲಿಲ್ಲ.

ಸೌಂದರ್ಯ ಎಲೆಯ ಕಡೆ ತಿರುಗಿ, ತಲೆ ಬಗ್ಗಿಸಿಕೊಂಡು ಅನ್ನ ಕಲೆಸತೊಡಗಿದಳು.